ಹುಟ್ಟು ಅರ್ಹತೆಯಲ್ಲ: ನೇಪಾಳದ ಅರಸೊತ್ತಿಗೆ ಕಲಿಸುವ ಪಾಠ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ವಂಶಪಾರಂಪರ್ಯ ಆಳ್ವಿಕೆಯ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನನಗೆ ಮೊದಲು ನೆನಪಾದದ್ದು ನಮ್ಮೂರಿನ ಹೋಟೆಲೊಂದರಲ್ಲಿ ದುಡಿಯುವ ನೇಪಾಳಿ ಯುವಕ. ಇಂದು ಕರ್ನಾಟಕದ ಯಾವ ಪಟ್ಟಣಕ್ಕೆ ಹೋದರೂ ಹೋಟೆಲಿನ ಅಡುಗೆ ಮನೆಯಲ್ಲಿ, ವಸತಿ ಸಮುಚ್ಚಯದ ಕಾವಲಿನಲ್ಲಿ ನೇಪಾಳದ ಯುವಕರು ಸಿಗುತ್ತಾರೆ. ಅವನ ದೇಶದ ಬಗ್ಗೆ ವಿಚಾರಿಸಿದೆ. "ನಾಯಕರೆಲ್ಲ ಕಳ್ಳರು ಸಾರ್, ರಾಜನೇ ವಾಸಿ ಇದ್ದ" ಎಂದ. ರಾಜನ ಆಳ್ವಿಕೆ ಕೊನೆಗೊಂಡಾಗ ಅವನಿಗೆ ಐದಾರು ವರ್ಷವಿರಬಹುದು. ತಾನು ಕಾಣದ ಕಾಲವೊಂದಕ್ಕಾಗಿ ಅವನು ಹಂಬಲಿಸುತ್ತಿದ್ದ.

ಆ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವನ ನೋವು ಅದರಲ್ಲಿದೆ. ಆದರೆ ನೋವು ನಿಜವಾಗಿದ್ದ ಮಾತ್ರಕ್ಕೆ ಅದಕ್ಕೆ ಸೂಚಿಸಿದ ಮದ್ದು ಸರಿಯಾಗಿರಬೇಕೆಂದಿಲ್ಲ. ಪ್ರಜಾಪ್ರಭುತ್ವ ಕೆಟ್ಟಾಗ ಅದಕ್ಕೆ ಅರಸ ಮದ್ದಾಗಬಲ್ಲನೇ? ಒಬ್ಬನು ಇಂತಹ ಮನೆಯಲ್ಲಿ ಹುಟ್ಟಿದನೆಂಬ ಕಾರಣಕ್ಕೆ ಕೋಟ್ಯಂತರ ಜನರ ಮೇಲೆ ಅಧಿಕಾರ ನಡೆಸಬಹುದೇ? ಇಂದು ಈ ಪ್ರಶ್ನೆಯನ್ನು ನೇಪಾಳದ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸೋಣ.

ಈಡೇರದ ವಾಗ್ದಾನ

1768ರಲ್ಲಿ ಗೋರ್ಖಾದ ಅರಸ ಪೃಥ್ವಿನಾರಾಯಣ ಶಾಹನು ಕಾಠ್ಮಂಡುವನ್ನು ಗೆದ್ದು ಇಂದಿನ ನೇಪಾಳಕ್ಕೆ ಅಡಿಪಾಯ ಹಾಕಿದನು. ಖಡ್ಗದಿಂದ ಗಳಿಸಿದ ರಾಜ್ಯವು ಮಕ್ಕಳು ಮೊಮ್ಮಕ್ಕಳಿಗೆ ಆಸ್ತಿಯಂತೆ ಹರಿದು ಬಂತು. 1846ರಲ್ಲಿ ಅರಮನೆಯ ಕೋಟ್ ಅಂಗಳದಲ್ಲಿ ನಡೆದ ಹತ್ಯಾಕಾಂಡದ ಮೂಲಕ ಜಂಗ್ ಬಹಾದುರ್ ರಾಣಾ ಅಧಿಕಾರವನ್ನು ಕೈವಶ ಮಾಡಿಕೊಂಡನು. ಅಂದಿನಿಂದ 1951ರ ವರೆಗೆ ಸುಮಾರು ಒಂದು ಶತಮಾನ ಕಾಲ ರಾಜನ ಹುದ್ದೆಯೊಂದಿಗೆ ಪ್ರಧಾನಮಂತ್ರಿಯ ಹುದ್ದೆಯೂ ವಂಶಪಾರಂಪರ್ಯವಾಗಿತ್ತು. ಅರಮನೆಯಲ್ಲಿ ಒಂದು ವಂಶ, ಆಡಳಿತದಲ್ಲಿ ಇನ್ನೊಂದು ವಂಶ. ಪ್ರಜೆಗೆ ಎರಡೂ ಕಡೆ ಬಾಗಿಲು ಮುಚ್ಚಿತ್ತು. ರಾಣಾ ಆಳ್ವಿಕೆ ಕೊನೆಗೊಂಡಾಗ ನೇಪಾಳದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ.

1950ರಲ್ಲಿ ರಾಜ ತ್ರಿಭುವನನು ರಾಣಾಗಳ ಹಿಡಿತದಿಂದ ತಪ್ಪಿಸಿಕೊಂಡು ಭಾರತದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದು, ಅಲ್ಲಿಂದ ದೆಹಲಿಗೆ ಬಂದನು. ಆಗ ರಾಣಾಗಳು ಮಾಡಿದ್ದೇನು ಗೊತ್ತೇ? ಅರಮನೆಯಲ್ಲಿ ಉಳಿದಿದ್ದ ಮೂರು ವರ್ಷದ ಮೊಮ್ಮಗನನ್ನು ಸಿಂಹಾಸನದಲ್ಲಿ ಕೂರಿಸಿದರು. ಆ ಮಗುವಿನ ಹೆಸರು ಜ್ಞಾನೇಂದ್ರ. ಮೂರು ವರ್ಷದ ಮಗುವಿಗೆ ರಾಜ್ಯವೆಂದರೇನೆಂದು ಗೊತ್ತಿರಲು ಸಾಧ್ಯವೇ? ಆದರೆ ಅರಸೊತ್ತಿಗೆಯು ಅರ್ಹತೆಯನ್ನು ಕೇಳುವುದಿಲ್ಲ. ಅದು ಕೇಳುವುದು ರಕ್ತವನ್ನು ಮಾತ್ರ.

1951ರ ಫೆಬ್ರವರಿಯಲ್ಲಿ ತ್ರಿಭುವನನು ಮರಳಿ ಬಂದು ಜನರಿಗೆ ಒಂದು ವಾಗ್ದಾನ ನೀಡಿದನು. ಜನರೇ ಆರಿಸಿದ ಸಂವಿಧಾನ ಸಭೆಯು ದೇಶದ ಸಂವಿಧಾನವನ್ನು ರಚಿಸುವುದು ಎಂಬುದೇ ಆ ವಾಗ್ದಾನ. ಆ ಸಭೆಗೆ ಚುನಾವಣೆ ನಡೆದದ್ದು ಯಾವಾಗ? 2008ರ ಏಪ್ರಿಲ್ 10ರಂದು. ಅಂದರೆ ಐವತ್ತೇಳು ವರ್ಷಗಳ ಬಳಿಕ! ನಡುವೆ ನಾಲ್ವರು ರಾಜರು ಬಂದು ಹೋದರು. ವಾಗ್ದಾನವನ್ನು ಈಡೇರಿಸದವನನ್ನು ಮನೆಗೆ ಕಳುಹಿಸುವ ದಾರಿ ಪ್ರಜೆಗಳಿಗಿರಲಿಲ್ಲ.

1959ರಲ್ಲಿ ನೇಪಾಳದ ಮೊದಲ ಮಹಾಚುನಾವಣೆ ನಡೆಯಿತು. ನೇಪಾಳಿ ಕಾಂಗ್ರೆಸ್ 109 ಸ್ಥಾನಗಳಲ್ಲಿ 74ನ್ನು ಗೆದ್ದು ಬಿ.ಪಿ. ಕೊಯಿರಾಲ ಪ್ರಧಾನಿಯಾದರು. ಆ ಸರಕಾರವು ರಾಜಕೃಪೆಯಿಂದ ಕೆಲವೇ ಮನೆತನಗಳಿಗೆ ಸಿಕ್ಕಿದ್ದ 'ಬಿರ್ತಾ' ಎಂಬ ಜಮೀನು ಇನಾಮುಗಳನ್ನು ರದ್ದುಪಡಿಸಿತು. ಮರುವರ್ಷ, ಅಂದರೆ 1960ರ ಡಿಸೆಂಬರ್ 15ರಂದು, ರಾಜ ಮಹೇಂದ್ರನು ಪ್ರಧಾನಿಯನ್ನು ಸೆರೆಮನೆಗೆ ತಳ್ಳಿದನು. ಸಂಸತ್ತು ವಿಸರ್ಜನೆಯಾಯಿತು, ಪಕ್ಷಗಳು ನಿಷೇಧಕ್ಕೊಳಗಾದವು. ಮೂರನೇ ಎರಡಕ್ಕಿಂತ ಹೆಚ್ಚು ಬಹುಮತವುಳ್ಳ ಪ್ರಧಾನಿಯು ಎಂಟು ವರ್ಷ ಕಾರಾಗೃಹದಲ್ಲಿ ಕಳೆಯಬೇಕಾಯಿತು. ಜನರ ಮತವನ್ನು ಒಬ್ಬನ ಸಹಿ ಅಳಿಸಿ ಹಾಕಿತು. ಪಕ್ಷರಹಿತ ಪಂಚಾಯತ್ ವ್ಯವಸ್ಥೆಯ ಹೆಸರಿನಲ್ಲಿ ಅರಮನೆಯ ಆ ನೇರ ಆಳ್ವಿಕೆ ಮೂವತ್ತು ವರ್ಷ ನಡೆಯಿತು.

ಮೇಲೆ ಹುಟ್ಟು, ಕೆಳಗೂ ಹುಟ್ಟು

ಅರಮನೆಯಲ್ಲಿ ಯಾರು ಕುಳಿತರೆ ಬಡವನಿಗೇನು ಎಂದು ಕೆಲವರು ಕೇಳುವುದುಂಟು. ಬಹಳಷ್ಟು ಇದೆ. ಸಮಾಜದ ತುತ್ತತುದಿಯಲ್ಲಿ ಹುಟ್ಟೇ ಅರ್ಹತೆ ಎಂದು ಒಪ್ಪಿಕೊಂಡರೆ, ತಳದಲ್ಲಿ ಹುಟ್ಟೇ ಅನರ್ಹತೆ ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. 1854ರಲ್ಲಿ ಜಂಗ್ ಬಹಾದುರ್ ರಾಣಾ ಜಾರಿಗೆ ತಂದ 'ಮುಲುಕಿ ಐನ್' ಎಂಬ ಕಾನೂನು ಸಂಹಿತೆಯು ಇಡೀ ದೇಶದ ಜನರನ್ನು ಜಾತಿಯ ಮೆಟ್ಟಿಲುಗಳಲ್ಲಿ ನಿಲ್ಲಿಸಿತು. ಒಂದೇ ಅಪರಾಧಕ್ಕೆ ಜಾತಿಗೆ ತಕ್ಕಂತೆ ಬೇರೆ ಬೇರೆ ಶಿಕ್ಷೆ. ಅದರಲ್ಲಿ ಮುಸ್ಲಿಮರು ನೀರು ಮುಟ್ಟಿಸಿಕೊಳ್ಳಬಾರದ ವರ್ಗದಲ್ಲಿದ್ದರು. ದಲಿತರ ಸ್ಥಾನ ಅದಕ್ಕಿಂತಲೂ ಕೆಳಗೆ. ಜಾತಿಭೇದಕ್ಕೆ ಕಾನೂನಿನ ಈ ಬೆಂಬಲ ತಪ್ಪಿದ್ದು 1963ರಲ್ಲಿ. ಸಾಲದ ಬಲೆಯಲ್ಲಿ ತಲೆಮಾರುಗಳಿಂದ ಜೀತ ಮಾಡುತ್ತಿದ್ದ ಕಮೈಯಾ ಕುಟುಂಬಗಳ ಬಿಡುಗಡೆ ಘೋಷಣೆಯಾದದ್ದು 2000ದ ಜುಲೈಯಲ್ಲಿ. ತಂದೆಯ ಕಿರೀಟ ಮಗನಿಗೆ ಬರುತ್ತಿದ್ದ ನಾಡಿನಲ್ಲಿ ತಂದೆಯ ಜೀತವೂ ಮಗನಿಗೆ ಬರುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನೇಪಾಳದ ಅರಸೊತ್ತಿಗೆಯ ಪತನವನ್ನು ಹಿಂದೂ ಧರ್ಮದ ಮೇಲೆ ಯಾರೋ ಸಾಧಿಸಿದ ಗೆಲುವೆಂದು ಬಿಂಬಿಸುವವರಿದ್ದಾರೆ. ಅದು ಶುದ್ಧ ತಪ್ಪು. ರಾಜನನ್ನು ವಿಷ್ಣುವಿನ ಅಂಶವೆಂದು ಗೌರವಿಸುವ ಪರಂಪರೆ ಆ ನಾಡಿನಲ್ಲಿತ್ತು. ಅದೇ ಪರಂಪರೆಯಲ್ಲಿ ಬೆಳೆದ, ಬಹುತೇಕ ಹಿಂದೂಗಳೇ ಇದ್ದ ಸಭೆಯು ಅರಸೊತ್ತಿಗೆಯನ್ನು ರದ್ದುಪಡಿಸಿತು. ಇದು ಧರ್ಮ ಧರ್ಮಗಳ ನಡುವಿನ ಜಗಳವಲ್ಲ, ಆಳುವವನು ಮತ್ತು ಆಳಿಸಿಕೊಳ್ಳುವವನ ನಡುವಿನ ನ್ಯಾಯದ ಪ್ರಶ್ನೆ.

ಪ್ರಶ್ನಿಸಲಾಗದ ಅಧಿಕಾರ

1990ರ ಜನಾಂದೋಲನದ ಬಳಿಕ ರಾಜ ಬೀರೇಂದ್ರನು ಮಣಿದು ಬಹುಪಕ್ಷ ವ್ಯವಸ್ಥೆಗೆ ಒಪ್ಪಿದನು. ಹೊಸ ಸಂವಿಧಾನ ಬಂತು. ಇನ್ನು ರಾಜನು ನಾಮಮಾತ್ರಕ್ಕೆ ಎಂದು ಎಲ್ಲರೂ ನೆಮ್ಮದಿಯಿಂದ ಉಸಿರಾಡಿದರು. ಆದರೆ ಆ ಸಂವಿಧಾನದ ಒಳಗೆ ಏನಿತ್ತೆಂಬುದನ್ನು ಗಮನಿಸಿರಿ. ರಾಜನ ಯಾವುದೇ ಕಾರ್ಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. ಅವನ ನಡತೆಯ ಕುರಿತು ಸಂಸತ್ತು ಚರ್ಚಿಸುವಂತಿರಲಿಲ್ಲ. ಅವನ ಆದಾಯಕ್ಕೂ ಆಸ್ತಿಗೂ ತೆರಿಗೆಯಿರಲಿಲ್ಲ. ಸಿಂಹಾಸನಕ್ಕೆ ಯಾರು ಬರಬೇಕೆಂಬ ಕಾನೂನನ್ನು ಮಾಡುವ, ತಿದ್ದುವ, ರದ್ದುಪಡಿಸುವ ಅಧಿಕಾರವೂ ರಾಜನದ್ದೇ. ಪ್ರಜೆಗಳು ಆರಿಸಿದ ಸಂಸತ್ತಿಗೆ ತಮ್ಮ ಮುಂದಿನ ರಾಷ್ಟ್ರಮುಖ್ಯಸ್ಥ ಯಾರಾಗಬೇಕೆಂದು ಹೇಳುವ ಹಕ್ಕಿರಲಿಲ್ಲ.

ಇದರ ಭಯಾನಕ ಫಲ 2001ರ ಜೂನ್ 1ರ ರಾತ್ರಿ ಜಗತ್ತಿಗೆ ಗೋಚರಿಸಿತು. ನಾರಾಯಣಹಿಟಿ ಅರಮನೆಯ ಕೌಟುಂಬಿಕ ಕೂಟದಲ್ಲಿ ಗುಂಡಿನ ಸುರಿಮಳೆಯಾಯಿತು. ರಾಜ ಬೀರೇಂದ್ರ, ರಾಣಿ ಐಶ್ವರ್ಯ, ಅವರ ಮಗಳು, ಕಿರಿಯ ಮಗ ಹಾಗೂ ಇತರ ಬಂಧುಗಳು ಹತರಾದರು. ಗುಂಡು ಹಾರಿಸಿದವನು ಯುವರಾಜ ದೀಪೇಂದ್ರನೇ ಎಂದು ತನಿಖಾ ಸಮಿತಿ ವರದಿ ನೀಡಿತು. ಜನರಲ್ಲಿ ಅನೇಕರು ಅದನ್ನು ಇಂದಿಗೂ ನಂಬುವುದಿಲ್ಲ. ಆ ವಿವಾದ ಬದಿಗಿರಲಿ. ಮರುದಿನ ಏನಾಯಿತೆಂಬುದನ್ನು ನೋಡಿರಿ. ತಲೆಗೆ ಗುಂಡು ತಗಲಿ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದ ಅದೇ ದೀಪೇಂದ್ರನನ್ನು ನೇಪಾಳದ ರಾಜನೆಂದು ಘೋಷಿಸಲಾಯಿತು! ಜೂನ್ 4ರಂದು ಅವನು ಕೊನೆಯುಸಿರೆಳೆದನು. ಅಂದೇ ಅವನ ಚಿಕ್ಕಪ್ಪ ಜ್ಞಾನೇಂದ್ರನ ತಲೆಯ ಮೇಲೆ, ಜೀವನದಲ್ಲಿ ಎರಡನೆಯ ಸಲ, ಕಿರೀಟವೇರಿತು.

ಸಹೋದರರೇ, ಒಂದು ಕ್ಷಣ ಯೋಚಿಸಿರಿ. ಒಂದು ಅಂಗಡಿಯ ಲೆಕ್ಕ ಬರೆಯಲು ನಾವು ಜನ ಇಡುವಾಗಲೂ ಅವನ ಪೂರ್ವಾಪರ ವಿಚಾರಿಸುತ್ತೇವೆ. ತಂದೆಯನ್ನೇ ಕೊಂದ ಆರೋಪವುಳ್ಳ, ಕಣ್ಣು ತೆರೆಯಲೂ ಆಗದ ಒಬ್ಬನು ಮೂರು ದಿನ ಇಡೀ ರಾಷ್ಟ್ರದ ಮುಖ್ಯಸ್ಥನಾಗಿದ್ದನು. ಹಾಗೆ ಮಾಡಿದವರು ಹುಚ್ಚರೇ? ಅಲ್ಲ. ಅವರು ವಂಶಪಾರಂಪರ್ಯದ ನಿಯಮವನ್ನು ತಪ್ಪದೆ ಪಾಲಿಸಿದರು. ತಪ್ಪಿದ್ದದ್ದು ಪಾಲಿಸಿದವರಲ್ಲಿ ಅಲ್ಲ, ಆ ನಿಯಮದಲ್ಲೇ.

ಮುಂದಿನದ್ದು ಬೇಗನೆ ನಡೆಯಿತು. 1996ರಿಂದಲೇ ಮಾವೋವಾದಿಗಳ ಸಶಸ್ತ್ರ ಹೋರಾಟ ನಡೆಯುತ್ತಿತ್ತು. ಅದನ್ನೇ ನೆಪ ಮಾಡಿಕೊಂಡು ಜ್ಞಾನೇಂದ್ರನು 2002ರ ಅಕ್ಟೋಬರಿನಲ್ಲಿ ಚುನಾಯಿತ ಪ್ರಧಾನಿಯನ್ನು ವಜಾ ಮಾಡಿದನು. 2005ರ ಫೆಬ್ರವರಿ 1ರಂದು ಸಂಪೂರ್ಣ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ದೂರವಾಣಿ ಸಂಪರ್ಕಗಳನ್ನು ಕಡಿಯಲಾಯಿತು, ನಾಯಕರು ಗೃಹಬಂಧನಕ್ಕೊಳಗಾದರು, ಪತ್ರಿಕಾಲಯಗಳಿಗೆ ಸೈನಿಕರು ಬಂದರು. ಹದಿನೈದು ವರ್ಷಗಳ ಹಿಂದೆ 'ನಾಮಮಾತ್ರ' ಎಂದು ಉಳಿಸಿಕೊಂಡಿದ್ದ ಹುದ್ದೆ ಹೀಗೆ ಸರ್ವಾಧಿಕಾರವಾಗಿ ಎದ್ದು ನಿಂತಿತು.

ಬ್ರಿಟನ್, ನಾರ್ವೆ, ಜಪಾನ್‌ಗಳಲ್ಲಿ ರಾಜರಿದ್ದೂ ಪ್ರಜಾಪ್ರಭುತ್ವವಿದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಬ್ರಿಟನ್ನಿನಲ್ಲಿ ಅದಕ್ಕಾಗಿ 1649ರಲ್ಲಿ ಒಬ್ಬ ಅರಸನ ತಲೆ ಉರುಳಿತು, 1688ರಲ್ಲಿ ಇನ್ನೊಬ್ಬನು ದೇಶ ಬಿಟ್ಟು ಓಡಬೇಕಾಯಿತು. ಜಪಾನಿನಲ್ಲಿ ಮಹಾಯುದ್ಧದ ಸೋಲಿನ ನಂತರ ಬಂದ ಸಂವಿಧಾನವು ಚಕ್ರವರ್ತಿಯ ಅಧಿಕಾರವನ್ನು ಕಿತ್ತುಕೊಂಡಿತು. ಅಲ್ಲಿ ಜನರು ಸುಖವಾಗಿರುವುದು ರಾಜನು ಇರುವುದರಿಂದಲ್ಲ, ಅವನು ಏನನ್ನೂ ಮಾಡಲಾಗದಂತೆ ಕಟ್ಟಿಹಾಕಿರುವುದರಿಂದ. ಹಾಗೆ ಕಟ್ಟಿಹಾಕಿಯೇ ಇಟ್ಟುಕೊಳ್ಳಬೇಕಾದ ಒಂದು ಹುದ್ದೆ ಏಕೆ ಬೇಕು?

ರಾಜನು ಐಕ್ಯತೆಯ ಸಂಕೇತ ಎಂಬುದು ಇನ್ನೊಂದು ವಾದ. ಪಂಚಾಯತ್ ಕಾಲದಲ್ಲಿ ಒಬ್ಬನೇ ರಾಜ, ಒಂದೇ ಭಾಷೆ, ಒಂದೇ ವೇಷ ಎಂಬ ಘೋಷಣೆಯಿತ್ತು. ತರಾಯಿ ಬಯಲಿನ ಮಧೇಶಿಗಳು, ಗುಡ್ಡಗಾಡಿನ ಜನಜಾತಿಗಳು, ದಲಿತರು, ಮುಸ್ಲಿಮರು ಆ ಒಂದೇ ವೇಷದೊಳಗೆ ತಮ್ಮನ್ನು ಕಾಣಲಿಲ್ಲ. ಹತ್ತು ವರ್ಷಗಳ ಅಂತರ್ಯುದ್ಧ ಆರಂಭವಾದದ್ದು ರಾಜನು ಸಿಂಹಾಸನದಲ್ಲಿದ್ದಾಗಲೇ. ಹದಿಮೂರು ಸಾವಿರಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆದ ಆ ಯುದ್ಧ ಕೊನೆಗೊಂಡದ್ದು 2006ರ ನವೆಂಬರಿನ ಶಾಂತಿ ಒಪ್ಪಂದದಿಂದ. ಆ ಒಪ್ಪಂದವನ್ನು ಮಾಡಿಕೊಂಡದ್ದು ರಾಜನಲ್ಲ, ಜನಪ್ರತಿನಿಧಿಗಳ ಸರಕಾರ.

560ಕ್ಕೆ 4

2006ರ ಏಪ್ರಿಲಿನಲ್ಲಿ ಕರ್ಫ್ಯೂವನ್ನು ಲೆಕ್ಕಿಸದೆ ಹತ್ತೊಂಬತ್ತು ದಿನ ಜನರು ಬೀದಿಯಲ್ಲಿ ನಿಂತರು. ರಾಜನು ಮಣಿದು ಸಂಸತ್ತನ್ನು ಮರುಸ್ಥಾಪಿಸಿದನು. 2008ರಲ್ಲಿ ಆಯ್ಕೆಯಾದ 601 ಸದಸ್ಯರ ಸಂವಿಧಾನ ಸಭೆಯಲ್ಲಿ 197 ಮಂದಿ ಮಹಿಳೆಯರಿದ್ದರು. ಆ ಸಭೆಯು ಮೇ 28ರಂದು 560 ಮತಗಳಿಂದ ಗಣರಾಜ್ಯವನ್ನು ಘೋಷಿಸಿತು. ವಿರುದ್ಧ ಬಿದ್ದದ್ದು ಕೇವಲ ನಾಲ್ಕು ಮತ. ಅರಮನೆ ಬಿಡಲು ಹದಿನೈದು ದಿನಗಳ ಅವಧಿ ನೀಡಲಾಯಿತು. ಜೂನ್ 11ರಂದು ಜ್ಞಾನೇಂದ್ರರು ಕಿರೀಟವನ್ನು ಸರಕಾರಕ್ಕೆ ಒಪ್ಪಿಸಿ ಹೊರನಡೆದರು. ಯಾರೂ ಅವರ ಮೇಲೆ ಕೈ ಮಾಡಲಿಲ್ಲ. ಅವರು ಸಾಮಾನ್ಯ ಪ್ರಜೆಯಾಗಿ ತಮ್ಮ ದೇಶದಲ್ಲೇ ಉಳಿದರು. ಅರಸೊತ್ತಿಗೆಯ ವಿಷಯದಲ್ಲಿ ಇಷ್ಟು ಸಭ್ಯವಾದ ವಿದಾಯ ಇತಿಹಾಸದಲ್ಲಿ ವಿರಳ.

ಮುಂದೆ ತರಾಯಿಯ ರೈತ ಕುಟುಂಬದಿಂದ ಬಂದ ವೈದ್ಯ ರಾಮ್ ಬರಣ್ ಯಾದವ್ ಮೊದಲ ರಾಷ್ಟ್ರಪತಿಯಾದರು. 2015ರಲ್ಲಿ ಬಿದ್ಯಾದೇವಿ ಭಂಡಾರಿ ಎಂಬ ಮಹಿಳೆ ಆ ಹುದ್ದೆಗೆ ಬಂದರು. ಗಂಡು ಸಂತಾನಕ್ಕೆ ಮೀಸಲಾಗಿದ್ದ ಸಿಂಹಾಸನದ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಅದೇ ವರ್ಷದ ಸಂವಿಧಾನವು ಮುಸ್ಲಿಮರಿಗಾಗಿ ಪ್ರತ್ಯೇಕ ಆಯೋಗವನ್ನು ಸ್ಥಾಪಿಸಲು ಅವಕಾಶ ನೀಡಿತು. ಒಂದು ಕಾಲದಲ್ಲಿ ನೀರು ಮುಟ್ಟಿಸಿಕೊಳ್ಳಬಾರದವರೆಂದು ಕಾನೂನು ಬರೆದಿದ್ದವರ ಕಷ್ಟಸುಖ ವಿಚಾರಿಸಲು ಸಂವಿಧಾನದಲ್ಲೇ ಒಂದು ಸಂಸ್ಥೆ!

ಗಣರಾಜ್ಯ ಬಂದ ಬಳಿಕ ಎಲ್ಲವೂ ಸರಿಹೋಯಿತೇ? ಇಲ್ಲ. ಇದನ್ನು ಮರೆಮಾಚುವುದು ಅಪ್ರಾಮಾಣಿಕತೆಯಾಗುತ್ತದೆ. 2008ರಿಂದ 2025ರ ವರೆಗೆ ಹತ್ತಕ್ಕೂ ಹೆಚ್ಚು ಸರಕಾರಗಳು ಬಂದು ಹೋದವು. ಒಂದೂ ಐದು ವರ್ಷ ಪೂರೈಸಲಿಲ್ಲ. ಕೆಲವೇ ನಾಯಕರು ಸರದಿಯಂತೆ ಕುರ್ಚಿ ಹಂಚಿಕೊಂಡರು. ಲಕ್ಷಾಂತರ ಯುವಕರು ಕೊಲ್ಲಿ ರಾಷ್ಟ್ರಗಳಿಗೆ, ಮಲೇಶಿಯಾಕ್ಕೆ, ನಮ್ಮ ಊರುಗಳಿಗೆ ದುಡಿಯಲು ಹೊರಟರು. ಈ ಹತಾಶೆಯಿಂದಲೇ 2025ರ ಮಾರ್ಚಿನಲ್ಲಿ ಜ್ಞಾನೇಂದ್ರರನ್ನು ಸ್ವಾಗತಿಸಲು ಕಾಠ್ಮಂಡುವಿನ ವಿಮಾನ ನಿಲ್ದಾಣದ ಬಳಿ ಸಾವಿರಾರು ಜನ ಸೇರಿದರು. ಅದೇ ತಿಂಗಳ 28ರಂದು ಅರಸೊತ್ತಿಗೆ ಬೆಂಬಲಿಗರ ಮೆರವಣಿಗೆ ಹಿಂಸೆಗೆ ತಿರುಗಿ ಇಬ್ಬರು ಪ್ರಾಣ ಕಳೆದುಕೊಂಡರು.

ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದುದನ್ನು ನೋಡಿರಿ. ಸಾಮಾಜಿಕ ಜಾಲತಾಣಗಳನ್ನು ನಿಷೇಧಿಸಿದ್ದನ್ನು ವಿರೋಧಿಸಿ, ಭ್ರಷ್ಟಾಚಾರದ ವಿರುದ್ಧ ಯುವಜನರು ಬೀದಿಗಿಳಿದರು. ಪೊಲೀಸರ ಗುಂಡಿಗೆ ಮೊದಲ ದಿನವೇ 19 ಮಂದಿ ಬಲಿಯಾದರು. ಕೊನೆಗೆ ಸತ್ತವರ ಸಂಖ್ಯೆ 70ನ್ನು ಮೀರಿತು. ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಸರಕಾರ ಉರುಳಿತು. ಆ ಯುವಜನರ ಸಿಟ್ಟು ಯಾರ ಮೇಲಿತ್ತು? ಜನರ ಹಣದಲ್ಲಿ ವಿದೇಶದಲ್ಲಿ ಮೆರೆಯುವ ರಾಜಕಾರಣಿಗಳ ಮಕ್ಕಳ ಮೇಲೆ. ಅಂದರೆ ಹುಟ್ಟಿನಿಂದ ಬಂದ ಸವಲತ್ತಿನ ಮೇಲೆ. ರಾಜಮನೆತನವನ್ನು ಹೊರಗೆ ಕಳುಹಿಸಿದ ಬಳಿಕ ಪುಡಿ ರಾಜಮನೆತನಗಳು ಹುಟ್ಟಿಕೊಂಡದ್ದನ್ನು ಅವರು ಸಹಿಸಲಿಲ್ಲ. ದಿಕ್ಕು ತೋಚದ ಆ ಗಳಿಗೆಯಲ್ಲೂ ಅರಮನೆಯ ಬಾಗಿಲು ತೆರೆಯಲಿಲ್ಲ. ಸೆಪ್ಟೆಂಬರ್ 12ರಂದು ನಿವೃತ್ತ ಮುಖ್ಯ ನ್ಯಾಯಾಧೀಶೆ ಸುಶೀಲಾ ಕಾರ್ಕಿಯವರು ಮಧ್ಯಂತರ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. 2026ರ ಮಾರ್ಚ್ 5ಕ್ಕೆ ಚುನಾವಣೆ ನಿಗದಿಯಾಯಿತು.

ಕೆಟ್ಟ ಗಣರಾಜ್ಯಕ್ಕೂ ಅರಸೊತ್ತಿಗೆಗೂ ಇರುವ ವ್ಯತ್ಯಾಸ ಇದೇ. ಗಣರಾಜ್ಯದ ಕೆಡುಕಿಗೆ ಗಣರಾಜ್ಯದೊಳಗೇ ಮದ್ದಿದೆ. ಅದು ಕಹಿಯಾಗಿರಬಹುದು, ತಡವಾಗಿ ಸಿಗಬಹುದು. ಆದರೆ ಚುನಾವಣೆಯ ದಿನಾಂಕವೊಂದು ಇದ್ದೇ ಇರುತ್ತದೆ. ಅರಸನ ಕೆಡುಕಿಗೆ ಅಂತಹ ದಿನಾಂಕವಿಲ್ಲ. ಅವನ ಸಾವನ್ನೋ ಅವನ ಸದ್ಬುದ್ಧಿಯನ್ನೋ ಕಾಯುತ್ತಾ ಕೂರಬೇಕು.

ಒಳ್ಳೆಯ ಅರಸರು, ನಮ್ಮವರಾದ ಅರಸರು

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಏಕೆಂದರೆ ಅರಸರ ಆಳ್ವಿಕೆ ನಮಗೇನೂ ದೂರದ ಕಥೆಯಲ್ಲ. ಒಳ್ಳೆಯ ಅರಸರೂ ಇದ್ದರಲ್ಲ ಎಂದು ಮೈಸೂರಿನವರು ಹೇಳುತ್ತಾರೆ. ನಿಜ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ಹಿಂದುಳಿದವರಿಗೂ ಮುಸ್ಲಿಮರಿಗೂ ಸರಕಾರಿ ನೌಕರಿಯ ಬಾಗಿಲು ತೆರೆದರು. ಕನ್ನಡ ನಾಡು ಅವರಿಗೆ ಋಣಿಯಾಗಿದೆ. ಆದರೆ ಅಂತಹ ಅರಸರ ಕಾಲ ಕಳೆದ ಮೇಲೂ ಜನರಿಗೆ ಜವಾಬ್ದಾರಿ ಸರಕಾರವು ಕೇಳದೆ ಸಿಗಲಿಲ್ಲ. 1947ರಲ್ಲಿ ದೇಶ ಸ್ವತಂತ್ರವಾದ ಬಳಿಕವೂ 'ಮೈಸೂರು ಚಲೋ' ಚಳವಳಿ ನಡೆಸಬೇಕಾಯಿತು, ಜನ ಜೈಲಿಗೆ ಹೋಗಬೇಕಾಯಿತು. ಒಳ್ಳೆಯ ಅರಸನು ಸಿಗುವುದು ಅದೃಷ್ಟ. ನಾಡಿನ ಭವಿಷ್ಯವನ್ನು ಅದೃಷ್ಟದ ಕೈಗೆ ಒಪ್ಪಿಸಲಾಗದು.

ಇನ್ನು ಬೀದರ್, ಗುಲ್ಬರ್ಗ, ರಾಯಚೂರುಗಳನ್ನು ಆಳಿದ ಹೈದರಾಬಾದಿನ ನಿಝಾಮರು. ಅರಸ ನಮ್ಮವನು ಎಂದು ಹೆಮ್ಮೆಪಟ್ಟ ಮುಸ್ಲಿಮರು ಆ ಕಾಲದಲ್ಲಿ ಕಡಿಮೆಯಿರಲಿಲ್ಲ. ನಿಝಾಮರು ಜಗತ್ತಿನ ಅತಿ ಶ್ರೀಮಂತರಲ್ಲೊಬ್ಬರೆಂದು ಹೆಸರಾಗಿದ್ದರು. ಅವರ ರಾಜ್ಯದ ಬಡ ಮುಸ್ಲಿಮನು ಬಡವನಾಗಿಯೇ ಇದ್ದನು. ಜನರಿಗೆ ಅಧಿಕಾರ ಹಂಚದ ಸಿಂಹಾಸನದ ಹಠ, ರಝಾಕಾರರ ದೌರ್ಜನ್ಯ, ಕೊನೆಗೆ 1948ರ ಸೈನಿಕ ಕಾರ್ಯಾಚರಣೆ. ಅದರ ಬಳಿಕ ಬೀದರ್, ಗುಲ್ಬರ್ಗ ಜಿಲ್ಲೆಗಳಲ್ಲಿ ಅಮಾಯಕ ಮುಸ್ಲಿಮರು ಅನುಭವಿಸಿದ ಸಾವುನೋವನ್ನು ಪಂಡಿತ್ ಸುಂದರ್‌ಲಾಲ್ ಸಮಿತಿಯ ವರದಿ ದಾಖಲಿಸಿದೆ. ನಿಝಾಮರಿಗೇನಾಯಿತು? 1950ರಿಂದ 1956ರ ವರೆಗೆ ಅವರು ರಾಜಪ್ರಮುಖರಾಗಿ ಗೌರವದಿಂದಿದ್ದರು. ಅರಸನ ತಪ್ಪಿಗೆ ಅವನ ಹೆಸರು ಹೊತ್ತ ಬಡವರು ಬೆಲೆ ತೆತ್ತರು. ಅರಸನು ನಮ್ಮ ಧರ್ಮದವನೆಂಬ ಕಾರಣಕ್ಕೆ ಅರಸೊತ್ತಿಗೆ ನ್ಯಾಯವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ನಿಜಕ್ಕೂ ಈ ಪಾಠ ನಮಗೆ ಹೊಸದಾಗಬಾರದಿತ್ತು. ಪ್ರವಾದಿ ಮುಹಮ್ಮದ್(ಸ)ರ ನಂತರ ಹ. ಅಬೂಬಕರ್(ರ) ಹೊಣೆ ಹೊತ್ತಾಗ, ತಾನು ತಪ್ಪಿದರೆ ತಿದ್ದಬೇಕೆಂದು ಮೊದಲ ಭಾಷಣದಲ್ಲೇ ಜನರನ್ನು ಕೇಳಿಕೊಂಡರು. ಹ. ಉಮರ್(ರ) ಮರಣಶಯ್ಯೆಯಲ್ಲಿದ್ದು ಉತ್ತರಾಧಿಕಾರಿಯನ್ನು ಆರಿಸಲು ಆರು ಮಂದಿಯ ಸಮಿತಿ ನೇಮಿಸಿದಾಗ, ತಮ್ಮ ಪುತ್ರ ಅಬ್ದುಲ್ಲಾ(ರ)ರಿಗೆ ಸಲಹೆ ನೀಡಲು ಅವಕಾಶವಿತ್ತೇ ಹೊರತು ಆಯ್ಕೆಯಾಗಲು ಅವಕಾಶ ನೀಡಲಿಲ್ಲ. ಅಬ್ದುಲ್ಲಾ(ರ) ಅಯೋಗ್ಯರಾಗಿದ್ದರೇ? ಇಲ್ಲ, ಅವರು ಮಹಾ ವಿದ್ವಾಂಸರು. ಆದರೂ ಮಗನೆಂಬ ಕಾರಣವು ಅಧಿಕಾರಕ್ಕೆ ಮೆಟ್ಟಿಲಾಗಬಾರದೆಂದು ತಂದೆ ಕಾಳಜಿ ವಹಿಸಿದರು. ಮುಂದೆ ಯಝೀದನ ಮೂಲಕ ತಂದೆಯಿಂದ ಮಗನಿಗೆ ಆಡಳಿತ ಹಸ್ತಾಂತರವಾಗುವ ಪದ್ಧತಿ ಆರಂಭವಾಯಿತು. ಅದರ ಬೆಲೆಯನ್ನು 680ರಲ್ಲಿ ಕರ್ಬಲಾ ಕಂಡಿತು. ಆ ನಂತರ ಖಿಲಾಫತ್ ಎಂಬ ಹೆಸರು ಉಳಿಯಿತು, ಅದರ ಜೀವಾಳವಾದ ಸಮಾಲೋಚನೆ ಉಳಿಯಲಿಲ್ಲ.

ಕಿರೀಟ ತೆಗೆದ ಮಾತ್ರಕ್ಕೆ ಸಾಲದೆಂಬುದಕ್ಕೆ ನಮ್ಮ ಕಾಲದ ಸಿರಿಯಾ ಉದಾಹರಣೆ. ಅದು ಹೆಸರಿಗೆ ಗಣರಾಜ್ಯ. 2000ದಲ್ಲಿ ಹಾಫಿಝ್ ಅಸದ್ ತೀರಿಕೊಂಡಾಗ ರಾಷ್ಟ್ರಾಧ್ಯಕ್ಷನಿಗೆ 40 ವರ್ಷವಾಗಿರಬೇಕೆಂಬ ನಿಯಮವಿತ್ತು. ಮಗ ಬಶ್ಶಾರ್‌ಗೆ ಆಗ 34. ಸಂವಿಧಾನವನ್ನೇ ತಿದ್ದಿ ವಯೋಮಿತಿಯನ್ನು 34ಕ್ಕೆ ಇಳಿಸಲಾಯಿತು! ಅಂಗಿಗೆ ತಕ್ಕಂತೆ ಮೈಯನ್ನಲ್ಲ, ಮೈಗೆ ತಕ್ಕಂತೆ ಕಾನೂನನ್ನು ಹೊಲಿದರು. 2024ರ ಡಿಸೆಂಬರ್ 8ರಂದು ಆ ಮನೆತನದ ಆಳ್ವಿಕೆ ಕೊನೆಗೊಳ್ಳುವ ಹೊತ್ತಿಗೆ ಲಕ್ಷಾಂತರ ಜನರು ಸತ್ತಿದ್ದರು, ನಾಡಿನ ಅರ್ಧದಷ್ಟು ಜನ ಮನೆಮಠ ಕಳೆದುಕೊಂಡಿದ್ದರು.

ನಮ್ಮ ಅಂಗಳದ ಸಿಂಹಾಸನಗಳು

ಇಷ್ಟು ಹೇಳಿ ನೇಪಾಳವನ್ನೂ ಸಿರಿಯಾವನ್ನೂ ದೂರಿ ಮನೆಗೆ ಹೋದರೆ ಈ ಗೋಷ್ಠಿ ವ್ಯರ್ಥ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯ ಮೂಲಕ ನಮ್ಮ ದೇಶವು ಮಾಜಿ ಅರಸರ ರಾಜಧನವನ್ನೂ ಬಿರುದು ಬಾವಲಿಗಳನ್ನೂ ರದ್ದುಪಡಿಸಿತು. ಆದರೆ ಮನಸ್ಸಿನೊಳಗಿನ ಸಿಂಹಾಸನ ಖಾಲಿಯಾಗಿದೆಯೇ? ತಂದೆಯ ಕ್ಷೇತ್ರದಲ್ಲಿ ಮಗನಿಗೆ ಟಿಕೆಟು, ಅವನ ನಂತರ ಸೊಸೆಗೆ. ನಾವು ಅದನ್ನು ಸಹಜವೆಂದು ಒಪ್ಪಿ ಮತ ಹಾಕುತ್ತೇವೆ. ಪಕ್ಷಗಳ ಮಾತು ಇರಲಿ, ನಮ್ಮ ಜಮಾಅತ್‌ಗಳನ್ನು ನೋಡಿರಿ. ಇಪ್ಪತ್ತು ವರ್ಷಗಳಿಂದ ಒಬ್ಬರೇ ಅಧ್ಯಕ್ಷರಾಗಿರುವ, ಅವರ ನಂತರ ಅವರ ಮಗನೇ ಆಗುವನೆಂದು ಊರಿಗೇ ಗೊತ್ತಿರುವ ಮಸೀದಿ ಸಮಿತಿಗಳಿಲ್ಲವೇ? ವಕ್ಫ್ ಆಸ್ತಿಯ ಮುತವಲ್ಲಿತನ ಮನೆತನದ ಹಕ್ಕಾಗಿ, ಬಾಡಿಗೆಯ ಲೆಕ್ಕ ಕೇಳಿದವನು ಊರಿನ ಶತ್ರುವಾಗುವುದಿಲ್ಲವೇ? ಸ್ಥಾಪಕರ ಮಗನೆಂಬ ಒಂದೇ ಅರ್ಹತೆಯಿಂದ ಶಾಲೆಗಳನ್ನು, ಅನಾಥಾಲಯಗಳನ್ನು ನಡೆಸುವವರಿಲ್ಲವೇ?

ಮಗನಿಗೆ ಯೋಗ್ಯತೆಯಿದ್ದರೆ ಅವನನ್ನು ತಡೆಯಬೇಕೆಂದು ನಾನು ಹೇಳುತ್ತಿಲ್ಲ. ಯೋಗ್ಯನಾದವನು ಇತರರಂತೆಯೇ ಸ್ಪರ್ಧಿಸಿ ಬರಲಿ. ತಂದೆ ಕೂತಿದ್ದ ಕುರ್ಚಿ ಎಂಬುದು ಅವನ ವಾದವಾಗಬಾರದು. ನಾವು ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಸಮಿತಿಗಳಿಗೆ ನಿಶ್ಚಿತ ಅವಧಿಯಿರಲಿ. ಅವಧಿ ಮುಗಿದಾಗ ನಿಜವಾದ ಚುನಾವಣೆ ನಡೆಯಲಿ. ವರ್ಷಕ್ಕೊಮ್ಮೆ ಜಮಾಅತ್‌ನ ಮುಂದೆ ಆಯವ್ಯಯವನ್ನು ಓದಿ ಹೇಳಲಿ. ಪ್ರಶ್ನೆ ಕೇಳುವ ಯುವಕನನ್ನು ಗದರದೆ ಉತ್ತರಿಸಲಿ. ಲೆಕ್ಕ ಕೇಳುವ ಹಕ್ಕು ಮಹಿಳೆಯರಿಗೂ ಇದೆಯೆಂಬುದನ್ನು ಒಪ್ಪಿಕೊಳ್ಳಲಿ. ಅಧಿಕಾರವು ಅಮಾನತು ಎಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಅಮಾನತನ್ನು ಯಾರೂ ಮಕ್ಕಳಿಗೆ ಆಸ್ತಿಯಾಗಿ ಬರೆದುಕೊಡುವುದಿಲ್ಲ, ಒಡೆಯನಿಗೆ ಮರಳಿಸುತ್ತಾರೆ.

ಕಾಠ್ಮಂಡುವಿನ ನಾರಾಯಣಹಿಟಿ ಅರಮನೆ ಈಗ ವಸ್ತುಸಂಗ್ರಹಾಲಯ. ಟಿಕೆಟು ಪಡೆದು ಯಾರು ಬೇಕಾದರೂ ಒಳಗೆ ಹೋಗಬಹುದು. ನಮ್ಮೂರಿನ ಹೋಟೆಲಿನ ಆ ಯುವಕನೂ ಊರಿಗೆ ಹೋದಾಗ ಹೋಗಬಹುದು. ಅವನ ಅಜ್ಜನಿಗೆ ಆ ಬಾಗಿಲು ಮುಚ್ಚಿತ್ತು. ಮುಂದಿನ ಸಲ ಸಿಕ್ಕಾಗ ನಾನು ಅವನಿಗೆ ಇದನ್ನೇ ಹೇಳಬೇಕೆಂದಿದ್ದೇನೆ: "ನಿನ್ನ ನಾಯಕರು ಕಳ್ಳರೆಂದು ನೀನು ಪರದೇಶದಲ್ಲಿ ನಿಂತು ಧೈರ್ಯವಾಗಿ ಹೇಳುತ್ತೀಯಲ್ಲ ತಮ್ಮಾ, ನಾಳೆ ಊರಿಗೆ ಹೋಗಿ ಮತ ಹಾಕಿ ಅವರನ್ನು ಇಳಿಸಲೂಬಹುದು. ರಾಜನ ವಿಷಯದಲ್ಲಿ ನಿನ್ನಜ್ಜನಿಗೆ ಇವೆರಡೂ ಸಾಧ್ಯವಿರಲಿಲ್ಲ."

ಪ್ರಶ್ನಿಸುವ ಧೈರ್ಯವನ್ನೂ, ಪ್ರಶ್ನೆಗೆ ಉತ್ತರಿಸುವ ಸೌಜನ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.